ಸದ್ದಿಲ್ಲದ ಕಾರಿನ ಬೇಸಿಗೆ

ಹೋದ ತಿಂಗಳು ಶಿವಾಜಿನಗರದಲ್ಲಿ ಮಗಳ ಕನ್ನಡಕ ಸರಿಮಾಡಿಸಿಕೊಂಡು ವಾಪಸು ಬರುವಾಗ, ಬಸ್ಸಿಗೆ ಕಾಯುವ ತಾಳ್ಮೆಯಿಲ್ಲದೆ ಕ್ಯಾಬ್ ಹಿಡಿದೆ. ಹಲಸೂರು ಕೆರೆ ದಾಟಿ, ಇಂದಿರಾನಗರದ ತಿರುವು ದಾಟಿ, ಟಿನ್ ಫ್ಯಾಕ್ಟರಿ ಹತ್ತಿರ ಬರುವ ಹೊತ್ತಿಗೆ ಎಂದಿನಂತೆ ಎಲ್ಲವೂ ನಿಂತುಬಿಟ್ಟಿತು. ಸುತ್ತ ಬಸ್ಸು, ಲಾರಿ, ಆಟೋಗಳ ಗಲಾಟೆ. ನಮ್ಮ ಕಾರಿನಲ್ಲಿ ಮಾತ್ರ ಇಂಜಿನ್ನಿನ ಸದ್ದೇ ಇಲ್ಲ. ಎಸಿಯ ತಂಪು ಗಾಳಿ ಮುಖಕ್ಕೆ ಬರುತ್ತಲೇ ಇತ್ತು.

"ಗಾಡಿ ಆಫ್ ಆಯ್ತೇನಪ್ಪಾ?" ಎಂದೆ.

"ಇಲ್ಲ ಮೇಡಂ, ಹೈಬ್ರಿಡ್ಡು. ನಿಂತಾಗ ಬ್ಯಾಟ್ರಿ ಮೇಲೆ ಇರತ್ತೆ. ಆರಾಮಾಗಿ ಕೂತ್ಕೊಳ್ಳಿ," ಎಂದು ಡ್ರೈವರ್ ಹೆಮ್ಮೆಯಿಂದ ಹೇಳಿದ.

ಆರಾಮಾಗಿ ಕೂರಲು ನನ್ನಿಂದ ಆಗಲಿಲ್ಲ. ಬಾಡಿಗೆ ಕೊಟ್ಟು ನಡುರಸ್ತೆಯಲ್ಲೇ ಇಳಿದು ಹೊಗೆಯ ನಡುವೆ ನಡೆಯತೊಡಗಿದೆ. "ಕೆ.ಆರ್. ಪುರ ಇನ್ನೂ ದೂರ ಐತೆ ಮೇಡಂ!" ಎಂದು ಅವನು ಹಿಂದಿನಿಂದ ಕೂಗುತ್ತಿದ್ದ. ಪಾಪ, ಅವನ ಕಾರಿನಲ್ಲಿ ಯಾವ ದೋಷವೂ ಇರಲಿಲ್ಲ. ನಮ್ಮ ಕಾರಿನಲ್ಲೂ ಇರಲಿಲ್ಲ. ಆ ಬೇಸಿಗೆಯನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುವುದೇ ಇದಕ್ಕೆ. ಬಾಯಿತುಂಬ ಬೈಯಲು ಒಂದು ದೋಷವಾದರೂ ಸಿಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಮ್ಮದು ಕೆ.ಆರ್. ಪುರದ ಹಿಂದಿನ ಹಳೆಯ ಊರು. ಊರು ಎನ್ನುವುದು ಈಗ ಬಾಯಿಮಾತಿಗೆ ಮಾತ್ರ. ಮಾವ ಸೊಪ್ಪು, ಹುರುಳಿಕಾಯಿ ಬೆಳೆಯುತ್ತಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟುಗಳಿವೆ. ಮನೆಯ ಮೇಲೆ ಬಾಡಿಗೆ ಮನೆಗಳು, ಹಿಂದೆ ಒಂದು ಬಾಡಿಗೆ ರೂಮು, ಪಕ್ಕದಲ್ಲಿ ಹಳೆಯ ದನದ ಕೊಟ್ಟಿಗೆ. ದನಗಳು ಹೋದ ಮೇಲೆ ಮಾವ ಅದಕ್ಕೆ ರೋಲಿಂಗ್ ಶಟರ್ ಹಾಕಿಸಿ ಕಾರಿನ ಶೆಡ್ ಮಾಡಿದ್ದರು. ಹೆಸರು ಮಾತ್ರ ಬದಲಾಗಲಿಲ್ಲ. "ಕಾರು ಕೊಟ್ಟಿಗೇಲಿದೆ" ಎಂದೇ ನಾವೆಲ್ಲ ಹೇಳುತ್ತಿದ್ದೆವು.

ಮಾವ ಮುನಿಶಾಮಪ್ಪನವರಷ್ಟು ಜಾಗ್ರತೆಯ ಮನುಷ್ಯನನ್ನು ನಾನು ಕಂಡಿಲ್ಲ. ನಾನು ಗ್ಯಾಸ್ ಆಫ್ ಮಾಡಿ ಬಂದ ಮೇಲೂ ಅವರು ಒಮ್ಮೆ ಹೋಗಿ ರೆಗ್ಯುಲೇಟರ್ ಮುಟ್ಟಿ ಬರುತ್ತಿದ್ದರು. ಮೊದಮೊದಲು ನನ್ನ ಮೇಲೆ ನಂಬಿಕೆಯಿಲ್ಲವೆಂದು ಉರಿದುಕೊಂಡಿದ್ದೆ. ಆಮೇಲೆ, ಸ್ವಂತ ಕೈಯಿಂದ ಹಾಕಿದ ಬೀಗವನ್ನೂ ಅವರು ಮತ್ತೆ ಮತ್ತೆ ಎಳೆದು ನೋಡುತ್ತಾರೆಂದು ತಿಳಿದು ನಗು ಬಂದಿತ್ತು. ಇಂಥ ಗಂಡನನ್ನು ಕಟ್ಟಿಕೊಂಡ ಅತ್ತೆ ಜಯಮ್ಮ ಅದಕ್ಕೆ ತದ್ವಿರುದ್ಧ: ಬಾಗಿಲು ತೆರೆದಿಟ್ಟು ಬೀದಿಯವರನ್ನೆಲ್ಲ ಕೂಗಿ ಮಾತಾಡಿಸುವ ಹೆಂಗಸು. ಆಕೆಯ ಎರಡೂ ಕಿಡ್ನಿ ಹೋದವು. ವಾರಕ್ಕೆ ಮೂರು ದಿನ ಕಂಟೋನ್ಮೆಂಟ್ ಕಡೆಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕಾಯಿತು.

ಹೋಗುವುದು ಅಂಥ ಕಷ್ಟವಲ್ಲ. ಕಷ್ಟವೆಲ್ಲ ಬರುವುದರಲ್ಲಿ. ಮೈಯ ರಕ್ತವನ್ನೆಲ್ಲ ಒಮ್ಮೆ ಹೊರಗೆ ಹರಿಸಿ ತೊಳೆದು ಒಳಗೆ ಬಿಟ್ಟ ಮೇಲೆ ಮನುಷ್ಯರಲ್ಲಿ ಏನು ಉಳಿದಿರುತ್ತದೆ? ಆಗ ನಮ್ಮಲ್ಲಿದ್ದದ್ದು ಹಳೆಯ ಡೀಸೆಲ್ ಕಾರು. ನಿಂತಲ್ಲೇ ಗಡಗಡ ನಡುಗುತ್ತಿತ್ತು. ಆ ನಡುಕಕ್ಕೆ, ಆ ವಾಸನೆಗೆ ಅತ್ತೆಗೆ ಹಲಸೂರು ಬರುವಷ್ಟರಲ್ಲೇ ಹೊಟ್ಟೆ ತೊಳಸಲು ಶುರುವಾಗುತ್ತಿತ್ತು. ನಾನು ಪಕ್ಕದಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ಕೂರುತ್ತಿದ್ದೆ. ಜಾಮ್‌ನಲ್ಲಿ ನಿಂತಾಗಲೆಲ್ಲ ಮಾವ ಇಂಜಿನ್ ಆಫ್ ಮಾಡುವರು. ಆಗ ನಡುಕ ನಿಲ್ಲುತ್ತಿತ್ತು, ಜೊತೆಗೆ ಎಸಿಯೂ ನಿಲ್ಲುತ್ತಿತ್ತು. ಕಿಟಕಿ ಇಳಿಸಿದರೆ ಬಸ್ಸಿನ ಹೊಗೆ, ಏರಿಸಿದರೆ ಬೇಗೆ. "ಸಾಕು ಕಣ್ರೀ, ನನ್ನ ಇಲ್ಲೇ ಇಳಿಸ್ಬಿಡಿ, ರಸ್ತೇಲೇ ಮಲಗ್ತೀನಿ," ಎಂದು ಒಮ್ಮೆ ಅತ್ತೆ ಅತ್ತುಬಿಟ್ಟರು. ಮಾವ ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತಲೇ ಇದ್ದರು. ಅವರ ಕುತ್ತಿಗೆಯ ನರ ಉಬ್ಬಿ ನಿಂತಿದ್ದು ಹಿಂದಿನ ಸೀಟಿನಿಂದ ನನಗೆ ಕಾಣುತ್ತಿತ್ತು.

ಕಾರು ಬದಲಾಯಿಸುವ ಮಾತು ಶುರುವಾದದ್ದು ಹಾಗೆ. ಮಾತು ಶುರುವಾದದ್ದೇ ತಡ, ನೆಂಟರಿಷ್ಟರೆಲ್ಲ ಪಂಡಿತರಾದರು. ಎಲ್ಲರದೂ ಒಂದೇ ರಾಗ: ಎತ್ತರದ ಎಸ್‌ಯುವಿ ತಗೊಳ್ಳಿ, ನೋಡಲಿಕ್ಕೂ ಗತ್ತಾಗಿರುತ್ತದೆ. ಆ ಗತ್ತಿನೊಳಕ್ಕೆ ಅತ್ತೆ ಕಾಲೆತ್ತಿ ಹತ್ತುವುದು ಹೇಗೆ ಎಂದು ಒಬ್ಬರೂ ಯೋಚಿಸಲಿಲ್ಲ. ಆಕೆಗೆ ಬೇಕಿದ್ದದ್ದು ತಗ್ಗಿನ ಕಾರು, ಕುರ್ಚಿಯ ಮೇಲೆ ಕುಳಿತ ಹಾಗೆ ಕುಳಿತು ಕಾಲು ಒಳಗೆ ತಿರುಗಿಸಿಕೊಳ್ಳುವಂಥದ್ದು. ಅಂದರೆ ಸೆಡಾನ್. ಹಿಂದಿನ ಸೀಟಿನಲ್ಲಿ ಮಲಗಲು ಜಾಗ ಬೇಕು, ಹಾಗಾಗಿ ಮಧ್ಯಮ ಗಾತ್ರದ್ದು.

ನನ್ನ ಗಂಡ ರಮೇಶ ಮಹದೇವಪುರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಯಂತ್ರಗಳ ವಿಷಯದಲ್ಲಿ ಅವನಿಗೆ ತನ್ನದೇ ಆದ ಹಟ. "ಸುಮ್ನೆ ಪೆಟ್ರೋಲ್ ಗಾಡಿ ಸಾಕಪ್ಪಾ. ಹೈಬ್ರಿಡ್ ಅಂದ್ರೆ ಒಳಗೆ ಇಂಜಿನ್ನೂ ಇರತ್ತೆ, ಮೋಟ್ರೂ ಇರತ್ತೆ. ಎರಡೆರಡು ತಲೆನೋವು ಯಾಕೆ? ಇಲ್ಲಾಂದ್ರೆ ಪೂರ್ತಿ ಎಲೆಕ್ಟ್ರಿಕ್ಕೇ ತಗೊಂಡ್ಬಿಡೋಣ," ಎಂದ.

"ಎಲೆಕ್ಟ್ರಿಕ್ಕು ನಡುದಾರೀಲಿ ಚಾರ್ಜ್ ಮುಗಿದು ನಿಂತ್ರೆ ನಿಮ್ಮಮ್ಮನ್ನ ಎಲ್ಲೋ ಮಲಗಿಸ್ಲಿ?" ಎಂದರು ಮಾವ. ಅಲ್ಲಿಗೆ ಆ ಮಾತು ಮುಗಿಯಿತು.

ಹಳೇ ಮದ್ರಾಸು ರಸ್ತೆಯ ಒಂದು ಶೋರೂಮಿಗೆ ಎಲ್ಲರೂ ಹೋದೆವು. ಅಲ್ಲಿ ಒಂದೇ ಒಂದು ಸೆಡಾನ್ ಪೂರ್ತಿ ಹೈಬ್ರಿಡ್ ಆಗಿ ಸಿಗುತ್ತಿತ್ತು. ಟೈ ಕಟ್ಟಿದ ಸೇಲ್ಸ್ ಹುಡುಗ, ಯಾದಗಿರಿ ಕಡೆಯವನೋ ಏನೋ, ಬೆಂಗಳೂರು ಮಾತನ್ನು ಚೆನ್ನಾಗಿ ಕಲಿತಿದ್ದ. "ಸೆಡಾನ್‌ನಲ್ಲಿ ಹೈಬ್ರಿಡ್ ಕೇಳೋರೇ ಕಮ್ಮಿ ಸಾರ್. ಎಲ್ರೂ ದೊಡ್ಡ ಗಾಡಿನೇ ಕೇಳ್ತಾರೆ. ಕಂಪ್ನಿಯವ್ರೂ ಇದು ಬೇಕೋ ಬೇಡ್ವೋ ಅಂತ ಯೋಚ್ನೆ ಮಾಡ್ತಾವ್ರಂತೆ," ಎಂದ.

"ಯಾಕೆ? ಮೆಟ್ಲು ಹತ್ತೋಕಾಗ್ದೋರಿಗೆ ಅಲ್ಲಾಡ್ದೇ ಇರೋ ಗಾಡಿ ಬೇಡ್ವಾ? ಕಾಯಿಲೆಯೋರು ಎತ್ತರಕ್ಕೆ ಹತ್ತಿ ಸುಖಪಡ್ಲಿ ಅಂತಾನಾ?" ಎಂದು ಮಾವ ಕಂಪನಿಯ ಯಜಮಾನನೇ ಎದುರಿಗಿದ್ದ ಹಾಗೆ ಅವನನ್ನು ತರಾಟೆಗೆ ತೆಗೆದುಕೊಂಡರು. ಹುಡುಗ ಪೆಚ್ಚಾದ. ನನಗೆ ಮಾತ್ರ ಎದ್ದು ಚಪ್ಪಾಳೆ ತಟ್ಟಬೇಕೆನಿಸಿತು. ಆ ಮಾತು ಆಗಲೂ ಸರಿಯಿತ್ತು, ಇವತ್ತಿಗೂ ಸರಿಯೆಂದೇ ನನ್ನ ಲೆಕ್ಕ. ಆದದ್ದೆಲ್ಲ ಆದ ಮೇಲೂ ನಾನು ಹೀಗೆ ಹೇಳುತ್ತೇನೆಂದು ರಮೇಶನಿಗೆ ನನ್ನ ಮೇಲೆ ಕೋಪ.

ಹೈಬ್ರಿಡ್ ಎಂದರೇನೆಂದು ಮಾವ ಬಿಡಿಸಿ ಬಿಡಿಸಿ ಕೇಳಿದರು. ಹುಡುಗ ಏನೇನೋ ಹೇಳಿ ನೋಡಿದ, ಕೊನೆಗೆ ಎಲ್ಲರಿಗೂ ಅರ್ಥವಾಗುವ ಒಂದು ಮಾತು ಹುಡುಕಿದ. "ಮನೇಲಿ ಯುಪಿಎಸ್ ಇದ್ಯಲ್ಲಾ ಸಾರ್? ಕರೆಂಟ್ ಹೋದ್ರೂ ಫ್ಯಾನು, ಲೈಟು ಸದ್ದಿಲ್ದೆ ನಡೀತಾವಲ್ಲ, ಹಂಗೆ ಅಂತ ತಿಳ್ಕೊಳ್ಳಿ. ಕಾರು ನಿಂತ್ರೂ ಎಸಿ ಬ್ಯಾಟ್ರಿ ಮೇಲೆ ಓಡ್ತಾ ಇರತ್ತೆ."

"ಮತ್ತೆ ಬ್ಯಾಟ್ರಿ ಇಳಿದ್ರೆ? ಚಾರ್ಜಿಗೆ ಹಾಕ್ಬೇಕಾ?"

"ಏನೂ ಬೇಡ ಸಾರ್. ವಯರ್ ಇಲ್ಲ, ಪ್ಲಗ್ ಇಲ್ಲ. ಅದೇ ಚಾರ್ಜ್ ಮಾಡ್ಕೊಳ್ಳತ್ತೆ."

ಮಾವನ ಮುಖ ಅರಳಿತು. ಅಷ್ಟೊಂದು ಪ್ರಶ್ನೆ ಕೇಳಿದ ಮನುಷ್ಯ, ಅದು ಹೇಗೆ ಚಾರ್ಜ್ ಮಾಡಿಕೊಳ್ಳುತ್ತದೆ ಎಂಬ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಅವನೂ ಹೇಳುತ್ತಿದ್ದ: ಇಂಜಿನ್ ಸ್ಟಾರ್ಟ್ ಆಗಿ, ಪೆಟ್ರೋಲ್ ಉರಿದು ಎಂದು. ರಮೇಶನಿಗೆ ಅದು ಗೊತ್ತೇ ಇತ್ತು. ಗೊತ್ತಿದ್ದ ವಿಷಯವನ್ನು ಯಾರು ಬಾಯಿ ಬಿಟ್ಟು ಹೇಳುತ್ತಾರೆ? ಮಾವನ ಮನಸ್ಸಿನಲ್ಲಿ ಮಾತ್ರ ಅದು ಚಕ್ರವಿರುವ ಯುಪಿಎಸ್ ಆಗಿ ಕೂತುಬಿಟ್ಟಿತು.

ಕಾರು ಬಂದ ದಿನ ಮುನೇಶ್ವರನ ಗುಡಿಗೆ ಒಯ್ದೆವು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ನಿವಾಳಿಸಿ, ಪೂಜಾರಿ ದೂರ ಸರಿದು ನಿಂತರು. "ಸ್ಟಾರ್ಟ್ ಮಾಡಿ ಯಜಮಾನ್ರೇ," ಎಂದರು.

"ಆಗಿದೆ," ಎಂದರು ಮಾವ.

"ಎಲ್ಲಾಗಿದೆ? ಸದ್ದೇ ಇಲ್ಲ?"

ಅಷ್ಟರಲ್ಲಿ ಕಾರು ಸದ್ದಿಲ್ಲದೆ ಮುಂದೆ ಸರಿದು ನಿಂಬೆಹಣ್ಣುಗಳನ್ನು ಹಿಚುಕಿತು. ಪೂಜಾರಿ ಬೆಚ್ಚಿ ಹಿಂದಕ್ಕೆ ಹಾರಿದರು. ಅತ್ತೆ ನಕ್ಕು ನಕ್ಕು ಕೆಮ್ಮಿದರು. ಕಾಯಿಲೆ ಬಂದ ಮೇಲೆ ಆಕೆ ಅಷ್ಟು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ.

ಆಮೇಲಿನ ಕೆಲವು ವಾರಗಳು ಒಳ್ಳೆಯವು, ಅದನ್ನು ನಾನು ಇಲ್ಲವೆನ್ನಲಾರೆ. ಮೊದಲ ಸಲ ಆಸ್ಪತ್ರೆಯಿಂದ ಹೊಸ ಕಾರಿನಲ್ಲಿ ಬರುವಾಗ ನಾನು ಎಂದಿನಂತೆ ಕವರ್ ಹಿಡಿದು ಕೂತಿದ್ದೆ. ಹಲಸೂರು ಬಂತು, ಏನೂ ಇಲ್ಲ. ಟಿನ್ ಫ್ಯಾಕ್ಟರಿಯ ಜಾಮ್‌ನಲ್ಲಿ ಕಾರು ಇಷ್ಟಿಷ್ಟೇ ತೆವಳುತ್ತಿರುವಾಗ ಅತ್ತೆಯ ತಲೆ ನನ್ನ ಭುಜಕ್ಕೆ ಒರಗಿತು. ನನಗೆ ಗಾಬರಿಯಾಯಿತು. ನೋಡಿದರೆ ಬಾಯಿ ಸ್ವಲ್ಪ ತೆರೆದು ಗಾಢ ನಿದ್ದೆ. ಮಾವ ಕನ್ನಡಿಯಲ್ಲಿ ನೋಡಿ, ಮಾತಾಡಬೇಡವೆಂದು ನನಗೆ ಬೆರಳೆತ್ತಿ ತೋರಿಸಿದರು. ಕಣ್ಣೊರೆಸಿಕೊಂಡರು ಕೂಡ. ಮನೆಯ ಮುಂದೆ ನಿಂತ ಮೇಲೆ ಅತ್ತೆ ಕಣ್ಣು ಬಿಟ್ಟು, "ಬಂದ್ವಾ?" ಎಂದರು. ಅದೊಂದು ಮಾತಿಗೋಸ್ಕರ ಮಾವ ಇನ್ನೊಂದು ಜಮೀನಿದ್ದರೆ ಅದನ್ನೂ ಮಾರುತ್ತಿದ್ದರು.

ಮೊದಲ ಸರ್ವಿಸ್‌ಗೆ ಬಿಟ್ಟಾಗ ಅಲ್ಲಿಯವರು ಒಂದು ಎಚ್ಚರಿಕೆ ಕೊಟ್ಟರು. ಇಲಿ ಬರದಂತೆ ನೋಡಿಕೊಳ್ಳಿ, ಬ್ಯಾಟರಿಯ ಕಿತ್ತಳೆ ಬಣ್ಣದ ಕೇಬಲ್ ಕಡಿದರೆ ಕಾರು ಮೂಲೆಗೆ ಬೀಳುತ್ತದೆ, ರಿಪೇರಿಗೆ ವಾರಗಟ್ಟಲೆ ಬೇಕು ಎಂದರು. ನಮ್ಮ ಬೀದಿಯಲ್ಲಿ ಇಲಿಗಳಿಗೇನು ಬರ. ಹಳೆಯ ಕಾರಿನ ವಯರುಗಳನ್ನು ಅವು ಎಷ್ಟೋ ಸಲ ತಿಂದಿದ್ದವು. ಕಾರು ವಾರಗಟ್ಟಲೆ ನಿಂತರೆ ಜಯಮ್ಮನ ಗತಿಯೇನು ಎಂದು ಮಾವ ಅವತ್ತೇ ಸಿಮೆಂಟ್ ತಂದರು. ಕೊಟ್ಟಿಗೆಯ ಗೋಡೆ ಬಿರುಕು, ಚಾವಣಿಯ ಶೀಟು ಗೋಡೆಗೆ ಕೂಡುವ ಸಂದು, ಹಿಂದೆ ಗಂಜಲ ಹರಿದುಹೋಗುತ್ತಿದ್ದ ತೂತು, ಒಂದನ್ನೂ ಬಿಡದೆ ಸ್ವಂತ ಕೈಯಿಂದ ಮುಚ್ಚಿದರು. ಗೋಡೆಯ ಮೇಲಿದ್ದ ಗವಾಕ್ಷಿಗೂ ತಗಡು ಹೊಡೆದರು. ಶಟರಿನ ಕೆಳಗೆ ದಪ್ಪ ರಬ್ಬರ್ ಪಟ್ಟಿ ಹಾಕಿಸಿದರು. "ಇನ್ನು ಇಲಿ ಅಲ್ಲ, ಇರುವೇನೂ ಬರಲ್ಲ," ಎಂದು ಕೈ ಒರೆಸಿಕೊಂಡು ನಿಂತರು. ಎಲ್ಲರಿಗೂ ಕರೆದು ತೋರಿಸಿದರು. ನಾವೂ ಭೇಷ್ ಎಂದೆವು.

ಅಷ್ಟರಲ್ಲಿ ಬಿಸಿಲು ಏರತೊಡಗಿತು. ಆ ವರ್ಷದ ಬೇಸಿಗೆಯನ್ನು ಬೆಂಗಳೂರಿನವರು ಯಾರೂ ಮರೆತಿರಲಾರರು. ಬೋರ್‌ವೆಲ್ ಬತ್ತಿತು, ಟ್ಯಾಂಕರಿಗಾಗಿ ಬೀದಿ ಬೀದಿಯಲ್ಲೂ ಜಗಳ. ಉಳಿದವರು ಬಾಯಾರಿದರೆ ನೀರಾದರೂ ಕುಡಿಯಬಹುದಿತ್ತು. ಅತ್ತೆ ಕುಡಿಯುವಂತಿರಲಿಲ್ಲ. ಒಳಗೆ ಹೋದ ನೀರು ಹೊರಗೆ ಬರದ ದೇಹ ಅದು. ಒಂದು ಲೋಟ ಹೆಚ್ಚಾದರೆ ಕಾಲು ಊದಿ ಉಸಿರು ಕಟ್ಟುತ್ತಿತ್ತು. ಡಾಕ್ಟರು ಅಳತೆ ಹಾಕಿ ಕೊಟ್ಟ ನೀರನ್ನು ಆಕೆ ದಿನವಿಡೀ ಚಮಚದಲ್ಲಿ ಗುಟುಕರಿಸುತ್ತಿದ್ದರು. ಬಾಯಿ ಒಣಗಿದಾಗ ಐಸಿನ ಚೂರು ನಾಲಿಗೆಯ ಮೇಲೆ ಇಟ್ಟುಕೊಳ್ಳುವರು. ಆ ಬೇಗೆಯಲ್ಲಿ ಆಕೆ ನೀರು ಬೇಡಿದ್ದನ್ನು, ನಾನು ಇಲ್ಲವೆಂದದ್ದನ್ನು ಇಲ್ಲಿ ವಿವರವಾಗಿ ಬರೆಯಲು ನನಗೆ ಇಷ್ಟವಿಲ್ಲ. ಮೈ ತಂಪಾಗಿದ್ದರೆ ಬಾಯಾರಿಕೆ ಕಡಿಮೆ ಎಂದು ಮನೆಗೆ ಎಸಿ ಹಾಕಿಸಿದೆವು. ಮಧ್ಯಾಹ್ನವಾದರೆ ಕರೆಂಟೇ ಇರುತ್ತಿರಲಿಲ್ಲ. ಮನೆಯ ಯುಪಿಎಸ್ ಒಂದು ಫ್ಯಾನನ್ನು ತಿರುಗಿಸಿ ತಿರುಗಿಸಿ ಸುಸ್ತಾಗಿ ಕೀಂ ಎಂದು ಕೂಗಿ ನಿಲ್ಲುತ್ತಿತ್ತು.

ಹಾಗೆ ಅದು ಕೂಗಿದ ಒಂದು ಮಧ್ಯಾಹ್ನ ಮಾವ ಥಟ್ಟನೆ ಎದ್ದರು. "ಅಯ್ಯೋ ನನ್ ಬುದ್ಧಿಗಿಷ್ಟು! ಇದಕ್ಕಿಂತ ದೊಡ್ಡ ಯುಪಿಎಸ್ ಕೊಟ್ಟಿಗೇಲಿ ನಿಂತಿದೆಯಲ್ಲಾ," ಎಂದರು.

ಅತ್ತೆಯನ್ನು ಕೈಹಿಡಿದು ಕರೆದೊಯ್ದು ಹಿಂದಿನ ಸೀಟಿನಲ್ಲಿ ದಿಂಬು ಹಾಕಿ ಮಲಗಿಸಿದರು. ಗುಂಡಿ ಒತ್ತಿದರು. ಸದ್ದಿಲ್ಲ, ನಡುಕವಿಲ್ಲ, ಎಸಿ ಮಾತ್ರ ತಣ್ಣಗೆ ಬರತೊಡಗಿತು. "ಸ್ವರ್ಗ ಕಣೇ ಅನಸೂಯಾ," ಎಂದರು ಅತ್ತೆ ನನಗೆ. ಅವತ್ತಿನಿಂದ ಅದೇ ರೂಢಿಯಾಯಿತು. ಕರೆಂಟ್ ಹೋದೊಡನೆ ಇಬ್ಬರೂ ಕೊಟ್ಟಿಗೆಗೆ. ಮಾವ ಮುಂದಿನ ಸೀಟಿನಲ್ಲಿ ಪೇಪರ್ ಓದುವರು, ಅತ್ತೆ ಹಿಂದೆ ನಿದ್ದೆ ಮಾಡುವರು. ಬೆಳಕಿಗೆಂದು ಶಟರನ್ನು ಅರ್ಧ ಎತ್ತಿಯೇ ಇಡುತ್ತಿದ್ದರು. ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದ ಶರಣಮ್ಮ ನಮ್ಮ ಮನೆಯ ಪಾತ್ರೆ ತೊಳೆಯಲು ಬಂದಾಗ ಬಗ್ಗಿ ನೋಡಿ ತಮಾಷೆ ಮಾಡುವಳು. "ಏನ್ರಿ ಯಮ್ಮಾ, ರಾಣಿಯಾರು ಮಹಲಿನ್ಯಾಗ ಮಕ್ಕೊಂಡಂಗ ಮಕ್ಕೊಂಡೀರಲ್ರಿ!"

"ನೀನೂ ಬಾರೇ, ಜಾಗ ಇದೆ," ಎನ್ನುತ್ತಿದ್ದರು ಅತ್ತೆ.

ನಾನೂ ಒಂದೆರಡು ಸಲ ಪಕ್ಕದಲ್ಲಿ ಕೂತಿದ್ದೆ. ಒಮ್ಮೆ ಇದ್ದಕ್ಕಿದ್ದಂತೆ ಮುಂದಿನಿಂದ ಮೆಲ್ಲಗೆ ಗುಂಯ್ ಎಂದಿತು. ಏನದು ಎಂದೆ. "ಚಾರ್ಜ್ ಮಾಡ್ಕೊಳ್ತಾ ಇದೆಯಮ್ಮ, ಈಗ ನಿಲ್ಲತ್ತೆ ನೋಡು," ಎಂದರು ಮಾವ, ಮಗುವಿನ ಆಟ ತೋರಿಸುವ ಹಾಗೆ. ಸ್ವಲ್ಪ ಹೊತ್ತಿಗೆ ನಿಂತಿತು. ಶಟರ್ ಅರ್ಧ ತೆರೆದಿತ್ತು, ಹೊರಗಿನ ಗಾಳಿ ಬರುತ್ತಿತ್ತು. ಹೊಗೆಯಿಲ್ಲ, ವಾಸನೆಯಿಲ್ಲ. ಅನುಮಾನ ಪಡಲು ಅಲ್ಲಿ ಏನೂ ಇರಲಿಲ್ಲ.

ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಬಂತು. ನಾನು ಕನ್ನಡ ಟೀಚರ್. ಉತ್ತರ ಪತ್ರಿಕೆ ತಿದ್ದಲು ಕಂಟೋನ್ಮೆಂಟ್ ಕಡೆಯ ಶಾಲೆಯೊಂದಕ್ಕೆ ಹಾಕಿದ್ದರು. ಅದೇ ಸಮಯಕ್ಕೆ ನಮ್ಮ ಎದುರಿನ ಸೈಟಿನಲ್ಲಿ ಹೊಸ ಮನೆಗೆ ಗ್ರಾನೈಟ್ ಕೊಯ್ಯಲು ಶುರು ಮಾಡಿದರು. ಬೆಳಗಿನಿಂದ ಸಂಜೆಯವರೆಗೆ ಕಿವಿ ಕಿತ್ತುಹೋಗುವ ಸದ್ದು, ಬೀದಿಯ ತುಂಬ ಬಿಳಿ ಧೂಳು. ಅತ್ತೆಯ ಕತ್ತಿನಲ್ಲಿ ಡಯಾಲಿಸಿಸ್ ನಳಿಗೆ ಇತ್ತು. ಅಲ್ಲಿಗೆ ಧೂಳು ಸೋಕಬಾರದು, ಸೋಂಕು ತಗುಲಿದರೆ ಉಳಿಯುವುದು ಕಷ್ಟವೆಂದು ಆಸ್ಪತ್ರೆಯವರು ಪದೇ ಪದೇ ಹೇಳಿದ್ದರು. ಆ ಮಾತನ್ನು ಮಾವ ಎಂದೂ ಮರೆಯಲಿಲ್ಲ.

ಅವತ್ತು ಡಯಾಲಿಸಿಸ್ ಮುಗಿಸಿಕೊಂಡು ಇಬ್ಬರೇ ಮಧ್ಯಾಹ್ನ ವಾಪಸು ಬಂದರು. ಅತ್ತೆ ದಾರಿಯಲ್ಲೇ ನಿದ್ದೆ ಹೋಗಿದ್ದರಂತೆ. ಬೀದಿಗೆ ಬಂದರೆ ಕರೆಂಟಿಲ್ಲ, ಎದುರಿನ ಸೈಟಿನವರು ಜನರೇಟರ್ ಇಟ್ಟು ಕಲ್ಲು ಕೊಯ್ಯುತ್ತಿದ್ದಾರೆ, ಧೂಳು ಮೋಡದ ಹಾಗೆ ಎದ್ದಿದೆ. ಮಲಗಿದವಳನ್ನು ಎಬ್ಬಿಸಿ, ಆ ಧೂಳಿನಲ್ಲಿ ನಡೆಸಿ, ಸುಡುವ ಮನೆಯೊಳಗೆ ಕರೆದೊಯ್ಯಲು ಮಾವನಿಗೆ ಮನಸ್ಸು ಬರಲಿಲ್ಲ. ಕಾರನ್ನು ನೇರ ಕೊಟ್ಟಿಗೆಯೊಳಕ್ಕೆ ತಂದರು. ಧೂಳು ಬರಬಾರದೆಂದು ಶಟರನ್ನು ಪೂರ್ತಿ ಕೆಳಗೆಳೆದರು. ಎಸಿ ಹಾಗೆಯೇ ಬಿಟ್ಟು ತಾವೂ ಮುಂದೆ ಕೂತು ಸೀಟು ಹಿಂದಕ್ಕೆ ಬಾಗಿಸಿದರು. ಬೆಳಗಿನ ಜಾವಕ್ಕೆ ಎದ್ದಿದ್ದ ಮನುಷ್ಯ, ಅವರಿಗೂ ಕಣ್ಣು ಹತ್ತಿತು.

ಇದೆಲ್ಲ ನಮಗೆ ಆಮೇಲೆ ಅವರ ಬಾಯಿಂದಲೇ ತಿಳಿದದ್ದು.

ಶರಣಮ್ಮ ಪಾತ್ರೆಗೆಂದು ಬಂದಾಗ ಮನೆಗೆ ಬೀಗ. ಇನ್ನೂ ಬಂದಿಲ್ಲವೆಂದು ಹಿಂತಿರುಗಿದಳು. ಎಷ್ಟೋ ಹೊತ್ತಿನ ಮೇಲೆ ಕಲ್ಲಿನ ಮಿಷನ್ನು ನಿಂತಾಗ, ಅವಳ ರೂಮಿನ ಗೋಡೆಯಾಚೆ ಗುಂಯ್ ಎನ್ನುವುದು ಕೇಳಿಸಿತು. "ಗಾಡಿ ಸಪ್ಪಳ ಕೇಳ್ತದ, ಮತ್ತ ಶಟರ್ ನೋಡಿದ್ರ ಪೂರಾ ಬಂದ್ ಐತಿ. ಬಂದ್ ಇಟ್ಟು ಎಲ್ಲಿಗಿ ಹೊಂಟಾರ ಅನ್ನಿಸ್ತರಿ ಅಕ್ಕಾರ," ಎಂದು ಆಮೇಲೆ ನನಗೆ ಹೇಳಿದಳು. ಬಡಿದಳು, ಕೂಗಿದಳು. ಉತ್ತರ ಬರದಿದ್ದಾಗ ಎದುರಿನ ಸೈಟಿನ ಕೆಲಸದವರನ್ನು ಕರೆದು ಶಟರ್ ಎತ್ತಿಸಿದಳು. ಒಳಗಿನ ಗಾಳಿ ಬಿಸಿಯಾಗಿತ್ತಂತೆ, ತಲೆ ಗಿರ್ ಎಂದಿತಂತೆ. ಮಾವನನ್ನು ಎಳೆದು ಬೀದಿಯಲ್ಲಿ ಮಲಗಿಸಿದಾಗ ಉಸಿರಿತ್ತು. ಅತ್ತೆ ದಿಂಬಿಗೆ ಕೆನ್ನೆಯಿಟ್ಟು ಹೇಗೆ ಮಲಗಿದ್ದರೋ ಹಾಗೆಯೇ ಇದ್ದರು. ಎಬ್ಬಿಸಿದರೆ ಏಳುತ್ತಾರೆ ಎನ್ನುವ ಹಾಗಿದ್ದರು ಎಂದು ಶರಣಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ರಮೇಶನ ಫೋನು ಬಂದಾಗ ನಾನು ಯಾವುದೋ ಮಗುವಿನ ಪ್ರಬಂಧಕ್ಕೆ ಅಂಕ ಹಾಕುತ್ತಿದ್ದೆ. ಕೆಂಪು ಪೆನ್ನು ಕೈಯಲ್ಲಿ ಹಿಡಿದೇ ಆಸ್ಪತ್ರೆಗೆ ಓಡಿದೆ. ಡಯಾಲಿಸಿಸ್‌ಗೆ ಹೋಗುತ್ತಿದ್ದ ಅದೇ ಆಸ್ಪತ್ರೆ, ಬೇರೆ ಬಾಗಿಲು. ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ಬ್ಯಾಟರಿ ಇಳಿದಾಗಲೆಲ್ಲ ಇಂಜಿನ್ ಸ್ಟಾರ್ಟ್ ಆಗಿದೆ. ಕಾಣದ, ವಾಸನೆಯಿಲ್ಲದ ವಿಷಗಾಳಿ ಹೊರಹೋಗಲು ದಾರಿಯಿಲ್ಲದೆ ಒಳಗೇ ತುಂಬಿದೆ. ಅತ್ತೆಗೆ ಮೊದಲೇ ರಕ್ತ ಕಮ್ಮಿಯಿತ್ತು, ತಡೆಯಲಿಲ್ಲ. ಮಾವನದು ಗಟ್ಟಿ ಜೀವ, ಆಮ್ಲಜನಕ ಕೊಟ್ಟಿದ್ದೇವೆ, ಉಳಿಯುತ್ತಾರೆ. ಉಳಿಯುತ್ತಾರೆ ಎಂಬ ಮಾತು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಎದ್ದ ಮೇಲೆ ಅವರಿಗೆ ಹೇಳುವವರು ಯಾರು ಎಂದು ಮಾತ್ರ ಹೊಳೆಯಿತು.

ಹೇಳಿದ್ದು ರಮೇಶ. ಮಾವ ಗೋಡೆಯ ಕಡೆ ತಿರುಗಿ ಮಲಗಿದರು. "ಅದು ಗುಂಯ್ ಅನ್ನೋದು ನಂಗೆ ಗೊತ್ತಿತ್ತಲ್ಲೋ. ಕಾಣೋದೇ ಹೊಗೆ ಅನ್ಕೊಂಡಿದ್ದೆ," ಎಂದರು. ಹಳೆಯ ಡೀಸೆಲ್ ಕಾರಿನ ಕಪ್ಪು ಹೊಗೆ ಕಂಡವರು ಅವರು. ಆ ಕಾರಿನಲ್ಲಾಗಿದ್ದರೆ ಮುಚ್ಚಿದ ಕೊಟ್ಟಿಗೆಯಲ್ಲಿ ಒಂದು ನಿಮಿಷವೂ ಕೂರುತ್ತಿರಲಿಲ್ಲ.

ತಿಥಿಗೆ ಬಂದ ನೆಂಟರು ಊಟ ಮಾಡುತ್ತಲೇ ತೀರ್ಪು ಕೊಟ್ಟರು. ಇಂಥ ಕಾರನ್ನು ಮಾರಲೇಬಾರದು ಎಂದು ಒಬ್ಬರು. ಎಸ್‌ಯುವಿ ತಗೊಳ್ಳಿ ಅಂತ ನಾನು ಆಗಲೇ ಬಡಕೊಂಡೆ ಎಂದು ಇನ್ನೊಬ್ಬರು, ಎಸ್‌ಯುವಿಗೆ ಇಂಜಿನ್ನೇ ಇಲ್ಲವೇನೋ ಎಂಬ ಹಾಗೆ. ಮುದುಕನಿಗೆ ಅಷ್ಟೂ ತಿಳಿಯಬಾರದೇ ಎಂದು ಮತ್ತೊಬ್ಬರು ಪಾಯಸ ಹಾಕಿಸಿಕೊಂಡರು. ನಾನು ಬಕೆಟ್ಟನ್ನು ಅಲ್ಲೇ ಕುಕ್ಕಿ ಒಳಗೆ ಹೋದೆ. ಆ ಮುದುಕ ಧೂಳಿಗೆ ಹೆದರಿದ, ಇಲಿಗೆ ಹೆದರಿದ, ಬಿಸಿಲಿಗೆ ಹೆದರಿದ, ಮಲಗಿದವಳ ನಿದ್ದೆ ಕೆಟ್ಟೀತೆಂದು ಹೆದರಿದ. ಹೆದರಬೇಕಾದ್ದೆಲ್ಲಕ್ಕೂ ಹೆದರಿದವನನ್ನು ಇನ್ನೇನೆಂದು ಬೈಯುತ್ತಾರೆ?

ಕಾರನ್ನು ಪರೀಕ್ಷೆ ಮಾಡಿದವರು ಎಲ್ಲ ಸರಿಯಿದೆ ಎಂದು ಹೇಳಿದರು. ರಮೇಶ ಅದನ್ನು ಮಾರಿದ. ಕೊಳ್ಳಲು ಬಂದ ಗಂಡಹೆಂಡಿರನ್ನು ನಾನು ಪಕ್ಕಕ್ಕೆ ಕರೆದು ನಡೆದದ್ದನ್ನೆಲ್ಲ ಹೇಳಿದೆ, ಮುಚ್ಚಿದ ಜಾಗದಲ್ಲಿ ಎಂದೂ ಆನ್ ಇಡಬೇಡಿ ಎಂದೆ. ಅವರು ಬೆಲೆ ಇಳಿಸಲು ನೋಡಿದರೇ ಹೊರತು ಇನ್ನೇನೂ ಕೇಳಲಿಲ್ಲ.

ಅಲ್ಲಿಗೆ ಮುಗಿಯಿತೆಂದು ನಾವು ಅಂದುಕೊಂಡಿದ್ದೆವು. ತಿಂಗಳೊಪ್ಪತ್ತು ಸರಿಯಿದ್ದ ಮಾವ, ಮಳೆ ಶುರುವಾಗುವ ಹೊತ್ತಿಗೆ ತಡವರಿಸತೊಡಗಿದರು. ಗ್ಯಾಸ್ ನೋಡಲು ಹೋದವರು ಅಡುಗೆಮನೆಯಲ್ಲಿ ಸುಮ್ಮನೆ ನಿಂತುಬಿಡುವರು. ಈ ವಿಷಗಾಳಿ ಕುಡಿದವರಿಗೆ ಕೆಲವೊಮ್ಮೆ ಹೀಗೆ ತಡವಾಗಿ ಮೆದುಳಿಗೆ ಪೆಟ್ಟು ಕಾಣಿಸಿಕೊಳ್ಳುತ್ತದೆ ಎಂದರು ಡಾಕ್ಟರು. ಆ ಬೇಸಿಗೆ ಅವರ ತಲೆಯಿಂದ ಪೂರ್ತಿ ಅಳಿಸಿಹೋಯಿತು. ಅದಕ್ಕೆ ಮುಂಚಿನದು ಉಳಿಯಿತು. ಈಗ ಅವರ ಪಾಲಿಗೆ ಅತ್ತೆ ಆಸ್ಪತ್ರೆಯಲ್ಲಿದ್ದಾರೆ, ಡಯಾಲಿಸಿಸ್ ನಡೆಯುತ್ತಿದೆ, ನಾವು ಇನ್ನೂ ಯಾವ ಕಾರು ಎಂದು ತೀರ್ಮಾನಿಸಿಲ್ಲ.

ಮೊದಲೆರಡು ಸಲ ನಿಜ ಹೇಳಿದೆವು. ಎರಡು ಸಲವೂ ಅವರು ಹೆಂಡತಿ ಸತ್ತ ಸುದ್ದಿಯನ್ನು ಹೊಸದಾಗಿ ಕೇಳಿ, ಹೊಸದಾಗಿ ಎದೆ ಬಡಿದುಕೊಂಡು ಅತ್ತರು. ಮಾರನೆಯ ದಿನ ಮತ್ತೆ ಅದೇ ಪ್ರಶ್ನೆ: ಜಯಮ್ಮನ್ನ ಕರ್ಕೊಂಡು ಬರೋಕೆ ಯಾವ ಕಾರು ತಗೊಳ್ಳೋಣ? ರಮೇಶ ಆ ಪ್ರಶ್ನೆ ಬಂದೊಡನೆ ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಾನೆ. ಹಾಗಾಗಿ ಉತ್ತರ ಕೊಡುವುದು ನನ್ನ ಪಾಲಿಗೆ ಬಂದಿದೆ.

"ಸುಮ್ನೆ ಪೆಟ್ರೋಲ್ ಗಾಡಿ ತಗೊಳ್ಳೋಣ ಮಾವ," ಎಂದು ಹೇಳಿ ನೋಡಿದೆ. ಶಾಂತವಾಗಿ ಕೇಳಿಸಿಕೊಂಡರು. "ನೀನು ಹೇಳೋದೂ ಸರಿಯಮ್ಮ. ಆದ್ರೆ ಅವ್ಳಿಗೆ ಗಾಡಿ ನಡುಕ ಆಗ್ಬರಲ್ಲ. ಆ ಹೈಬ್ರಿಡ್ಡೇ ಇರ್ಲಿ," ಎಂದರು. ಎಷ್ಟು ಸಲ ಕೇಳಿದರೂ, ನಾನು ಎಷ್ಟು ಬಗೆಯಲ್ಲಿ ವಾದಿಸಿದರೂ, ಅವರು ಪ್ರತಿ ಸಲ ಅದೇ ಕಾರನ್ನು ಆರಿಸುತ್ತಾರೆ.

ಮೊನ್ನೆ ನನಗೆ ಸಾಕಾಗಿ ಒಂದು ಸುಳ್ಳು ಹೇಳಿದೆ. "ಆ ಕಾರು ಈಗ ಬರಲ್ವಂತೆ ಮಾವ. ಸೆಡಾನ್‌ನಲ್ಲಿ ಹೈಬ್ರಿಡ್ ಕೊಡೋದು ನಿಲ್ಲಿಸ್ಬಿಟ್ರಂತೆ."

ಅವರ ಮುಖ ಕಂಗೆಟ್ಟಿತು. ಎದ್ದು ಬಾಗಿಲಿಗೆ ಹೋದರು, ಬೀದಿ ನೋಡಿದರು, ತಿರುಗಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಹಂಗಾದ್ರೆ ನಿಮ್ಮತ್ತೆ ಮನೆಗೆ ಹೆಂಗಮ್ಮಾ ಬರ್ತಾಳೆ?"

"ಇಲ್ಲ ಮಾವ, ನಾನೇ ತಪ್ಪು ಕೇಳಿಸ್ಕೊಂಡೆ. ಅದೇ ಕಾರು ಬುಕ್ ಮಾಡಿದೀವಿ, ಬರತ್ತೆ," ಎಂದೆ. ಅವರು ಕೈ ಬಿಟ್ಟರು. ಅವತ್ತು ಬಹಳ ದಿನದ ಮೇಲೆ ಎರಡನೆಯ ಸಲ ಅನ್ನ ಹಾಕಿಸಿಕೊಂಡು ಉಂಡರು.